ಮೂರೆಳೆಯ ತಪ್ಪು, ಹನ್ನೊಂದು ಸಾವಿರ ಸಹಿ

‘ಡಿಎನ್‌ಎ’ ಎಂಬ ಹೆಸರು ಈಗ ಪ್ರಯೋಗಶಾಲೆಯ ಗೋಡೆ ದಾಟಿ ದಿನಪತ್ರಿಕೆಯ ತಲೆಬರಹಕ್ಕೂ ಚುನಾವಣೆಯ ಭಾಷಣಕ್ಕೂ ಬಂದು ಸೇರಿದೆ. ಹಿಂದೆ ‘ರಕ್ತಗತ’ ಎಂದೋ ‘ಹುಟ್ಟುಗುಣ’ ಎಂದೋ ಹೇಳುತ್ತಿದ್ದ ಕಡೆಗಳಲ್ಲೆಲ್ಲ ‘ಅದು ಅವರ ಡಿಎನ್‌ಎಯಲ್ಲೇ ಇದೆ’ ಎಂಬ ಮಾತು ಕೇಳಿಬರುತ್ತದೆ. ರೂಪಕವಾಗಿ ಇಷ್ಟು ಸವೆದಿರುವ ಈ ವಸ್ತು ನಿಜದಲ್ಲಿ ಹೇಗಿದೆ, ಅದರ ರಚನೆ ಯಾರಿಗೆ ಹೇಗೆ ಹೊಳೆಯಿತು ಎಂಬುದು ಮಾತ್ರ ವಿಜ್ಞಾನ ವಿಭಾಗದ ಪಠ್ಯಗಳಲ್ಲೇ ಉಳಿದಿದೆ. ಆ ಕಥೆಯಲ್ಲಿ ಒಬ್ಬ ರಸಾಯನಶಾಸ್ತ್ರಜ್ಞರು ಬರುತ್ತಾರೆ. ಆ ರಚನೆಯನ್ನು ಬಿಡಿಸಲು ಜಗತ್ತಿನಲ್ಲಿ ಎಲ್ಲರಿಗಿಂತ ಅರ್ಹರೆಂದು ಎಣಿಸಲ್ಪಟ್ಟಿದ್ದವರು ಅವರು. ಅದನ್ನು ತಪ್ಪಾಗಿ ಬಿಡಿಸಿದವರೂ ಅವರೇ. ಯುದ್ಧದ ವಿರುದ್ಧ ಮಾತಾಡುತ್ತಿದ್ದರೆಂದು ಅದೇ ವರ್ಷ ಸರಕಾರದಿಂದ ಪಾಸ್‌ಪೋರ್ಟ್ ನಿರಾಕರಿಸಿಕೊಂಡವರೂ ಅವರೇ. ಲೈನಸ್ ಪೌಲಿಂಗ್ ಎಂದು ಅವರ ಹೆಸರು. ಅವರ ವಿಜ್ಞಾನವನ್ನು ರಸಾಯನಶಾಸ್ತ್ರದ ಪುಸ್ತಕಗಳು, ಅವರ ಶಾಂತಿಕಾರ್ಯವನ್ನು ಇತಿಹಾಸದ ಪುಸ್ತಕಗಳು ಬೇರೆಬೇರೆಯಾಗಿ ಹೇಳುವುದು ರೂಢಿ. ಹಾಗೆ ಬೇರ್ಪಡಿಸಿದರೆ ಎರಡೂ ಅರ್ಧವಾಗುತ್ತವೆ. ಏಕೆಂದರೆ ಅವೆರಡನ್ನೂ ಕೂಡಿಸುವ ಗಂಟು ಆ ಅಣುವಿನ ರಚನೆಯಲ್ಲೇ ಇದೆ.

ಪೌಲಿಂಗರು 1901ರ ಫೆಬ್ರುವರಿ 28ರಂದು ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಹುಟ್ಟಿದರು. ಔಷಧಿ ಅಂಗಡಿ ನಡೆಸುತ್ತಿದ್ದ ತಂದೆ 1910ರಲ್ಲಿ ತೀರಿಕೊಂಡರು. ಕಷ್ಟಪಟ್ಟು ಓದಿ, ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ಸಂಶೋಧನೆ ಮಾಡಿ, ಅಲ್ಲಿಯೇ ಪ್ರಾಧ್ಯಾಪಕರಾದರು. ಪರಮಾಣುಗಳು ಒಂದನ್ನೊಂದು ಹಿಡಿದುಕೊಳ್ಳುವ ಬಗೆಯನ್ನು ಕುರಿತು ಅವರು ಬರೆದ ಗ್ರಂಥ 1939ರಲ್ಲಿ ಪ್ರಕಟವಾಗಿ, ರಸಾಯನಶಾಸ್ತ್ರದ ಭಾಷೆಯನ್ನೇ ಬದಲಿಸಿತು ಎನ್ನಬಹುದು. 1948ರಲ್ಲಿ ಆಕ್ಸ್‌ಫರ್ಡಿನಲ್ಲಿದ್ದಾಗ ನೆಗಡಿಯಾಗಿ ಮಲಗಿದ್ದ ಅವರು, ಬೇಸರ ಕಳೆಯಲೆಂದು ಕಾಗದದ ಪಟ್ಟಿಯ ಮೇಲೆ ಸಸಾರಜನಕದ ಸರಪಳಿಯನ್ನು ಬರೆದು, ಅದನ್ನು ಮಡಿಚಿ ಸುರುಳಿ ಮಾಡಿ ನೋಡಿದರಂತೆ. ಆ ಆಟದಿಂದ ಮೊಳೆತದ್ದೇ 1951ರಲ್ಲಿ ಸಹೋದ್ಯೋಗಿಗಳ ಜೊತೆ ಪ್ರಕಟಿಸಿದ ‘ಆಲ್ಫಾ ಸುರುಳಿ’. ಕೂದಲು, ಉಣ್ಣೆ, ಸ್ನಾಯುಗಳಲ್ಲಿ ಕಾಣುವ ಸಸಾರಜನಕದ ಮೂಲಭೂತ ಆಕಾರವದು. ಬಂಧಗಳ ಉದ್ದ, ಅವುಗಳ ಕೋನ ಇವನ್ನು ನಿಖರವಾಗಿ ತಿಳಿದುಕೊಂಡು ತಂತಿ ಗುಂಡುಗಳ ಮಾದರಿ ಕಟ್ಟಿ ನೋಡುವ ಈ ವಿಧಾನವನ್ನೇ ಮುಂದೆ ಕೇಂಬ್ರಿಜ್‌ನ ಇಬ್ಬರು ತರುಣರು ಅವರಿಂದ ಕಲಿತು, ಅವರನ್ನೇ ಹಿಂದೆ ಹಾಕಿದರು.

ಅವರು ಹುಟ್ಟು ಶಾಂತಿವಾದಿಯೇನೂ ಆಗಿರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸ್ಫೋಟಕಗಳ ಮೇಲೆ, ರಾಕೆಟ್ಟಿನ ಇಂಧನದ ಮೇಲೆ ಕೆಲಸ ಮಾಡಿದರು. ಜಲಾಂತರ್ಗಾಮಿಯೊಳಗಿನ ಆಮ್ಲಜನಕವನ್ನು ಅಳೆಯುವ ಉಪಕರಣ ಕಂಡುಹಿಡಿದರು. ಈ ಸೇವೆಗಾಗಿ 1948ರಲ್ಲಿ ಅಧ್ಯಕ್ಷರ ಹೆಸರಿನ ಪದಕವೂ ದೊರೆಯಿತು. ಲಾಸ್ ಅಲಮೋಸ್‌ನಲ್ಲಿ ಬಾಂಬು ಕಟ್ಟುವ ಕೆಲಸದ ರಸಾಯನ ವಿಭಾಗಕ್ಕೆ ಮುಖ್ಯಸ್ಥರಾಗಿ ಬರಬೇಕೆಂದು ಆಪನ್‌ಹೈಮರ್ ಕರೆದಾಗ ಮಾತ್ರ ಅವರು ಹೋಗಲಿಲ್ಲ. ಹಿರೋಶಿಮಾದ ನಂತರ ಊರಿನ ಸಂಘಸಂಸ್ಥೆಗಳು ಅಣುಬಾಂಬಿನ ವಿಷಯ ತಿಳಿಸಿಕೊಡಿ ಎಂದು ಕರೆದಾಗ, ಮೊದಲು ಅದರ ಭೌತಶಾಸ್ತ್ರವನ್ನಷ್ಟೇ ಹೇಳುತ್ತಿದ್ದರು. ಯುದ್ಧದ ಮಾತು ಬಂದಾಗ ಅವರ ಧ್ವನಿಯಲ್ಲಿ ನಂಬಿಕೆ ಇರುತ್ತಿರಲಿಲ್ಲವೆಂದು ಅವರ ಪತ್ನಿ ಏವಾ ಹೆಲೆನ್ ನೇರವಾಗಿ ಹೇಳಿದರು. ಆಮೇಲೆ ಪೌಲಿಂಗರು ಅಂತಾರಾಷ್ಟ್ರೀಯ ಕಾನೂನು, ರಾಜಕೀಯ, ಅರ್ಥಶಾಸ್ತ್ರಗಳನ್ನು ವಿಜ್ಞಾನದಷ್ಟೇ ಶ್ರದ್ಧೆಯಿಂದ ಓದತೊಡಗಿದರು. ಐನ್‌ಸ್ಟೈನರು ಅಧ್ಯಕ್ಷರಾಗಿದ್ದ ಪರಮಾಣು ವಿಜ್ಞಾನಿಗಳ ತುರ್ತು ಸಮಿತಿಯಲ್ಲಿ ಸದಸ್ಯರಾದರು. ಏವಾ ಹೆಲೆನರ ಹೆಸರನ್ನು ಇಂಥ ಲೇಖನಗಳಲ್ಲಿ ಅಡಿಟಿಪ್ಪಣಿಗೆ ತಳ್ಳುವ ರೂಢಿ ಇದೆ. ಮುಂದಿನ ಎಲ್ಲ ಸಹಿಸಂಗ್ರಹದ ಬೆನ್ನೆಲುಬು ಆಕೆಯೇ.

1952ರ ಫೆಬ್ರುವರಿಯಲ್ಲಿ ಪೌಲಿಂಗರಿಗೆ ಪಾಸ್‌ಪೋರ್ಟ್ ನಿರಾಕರಿಸಲಾಯಿತು. ಅವರ ಪ್ರವಾಸ ಅಮೆರಿಕದ ಹಿತಕ್ಕೆ ಒಳ್ಳೆಯದಲ್ಲ ಎಂಬುದು ಕೊಟ್ಟ ಕಾರಣ. ಮೇ ತಿಂಗಳಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಅವರ ಸುರುಳಿಯನ್ನೇ ಚರ್ಚಿಸಲೆಂದು ಸಭೆ ಕೂಡಿತ್ತು. ಅತಿಥಿ ಮಾತ್ರ ಬರಲಾಗಲಿಲ್ಲ. ಅದೇ ಮೇ ತಿಂಗಳಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ರೊಸಾಲಿಂಡ್ ಫ್ರಾಂಕ್ಲಿನ್ ಮತ್ತು ಅವರ ವಿದ್ಯಾರ್ಥಿ ರೇಮಂಡ್ ಗಾಸ್ಲಿಂಗ್ ಡಿಎನ್‌ಎಯ ಅತ್ಯಂತ ಸ್ಪಷ್ಟವಾದ ಕ್ಷ-ಕಿರಣ ಚಿತ್ರ ತೆಗೆದಿದ್ದರು. ಪೌಲಿಂಗರು ಅಂದು ಲಂಡನ್ನಿಗೆ ಹೋಗಿದ್ದರೆ ಆ ಚಿತ್ರ ನೋಡುತ್ತಿದ್ದರು, ರಚನೆ ಅವರ ಪಾಲಾಗುತ್ತಿತ್ತು ಎಂದು ಹಲವರು ಬರೆದಿದ್ದಾರೆ. ಕೇಳಲು ಸೊಗಸಾದ ಮಾತು, ಪೂರ್ತಿ ನಿಜವಲ್ಲ. ಪತ್ರಿಕೆಗಳಲ್ಲಿ ಗದ್ದಲವೆದ್ದು ಜುಲೈ ಹೊತ್ತಿಗೆ ಸೀಮಿತ ಪಾಸ್‌ಪೋರ್ಟ್ ಸಿಕ್ಕಿತು. ಆ ಬೇಸಿಗೆಯಲ್ಲಿ ಅವರು ಇಂಗ್ಲೆಂಡಿಗೆ ಹೋಗಿಯೂ ಇದ್ದರು. ಕಿಂಗ್ಸ್ ಕಾಲೇಜಿಗೆ ಮಾತ್ರ ಹೋಗಲಿಲ್ಲ. ಅವರ ತಲೆಯಲ್ಲಿ ಆಗ ಇದ್ದದ್ದು ಸಸಾರಜನಕ. ಸರಕಾರ ಮಾಡಿದ್ದು ಅನ್ಯಾಯವೇ, ಆದರೆ ಸೋಲಿನ ಹೊಣೆಯನ್ನೆಲ್ಲ ಆ ಅನ್ಯಾಯದ ಮೇಲೆ ಹೊರಿಸಲಾಗದು.

ಇದೇ ಹೊತ್ತಿನ ಇನ್ನೊಂದು ಸಂಗತಿಯನ್ನೂ ನೆನೆಯಬೇಕು. ಅಮೆರಿಕದಲ್ಲಿ ಕಮ್ಯುನಿಸ್ಟರೆಂದು ಸಂಶಯಕ್ಕೆ ಗುರಿಯಾಗಿದ್ದ ಈ ಮನುಷ್ಯರ ಅನುರಣನ ಸಿದ್ಧಾಂತವನ್ನು ಅದೇ ವರ್ಷಗಳಲ್ಲಿ ಮಾಸ್ಕೋದ ರಸಾಯನಶಾಸ್ತ್ರಜ್ಞರು ಬೂರ್ಜ್ವಾ ಭಾವನಾವಾದವೆಂದು ಖಂಡಿಸುತ್ತಿದ್ದರು. ಎರಡೂ ದಂಡೆಯವರು ಹೊರಗಿನವನೆಂದು ಕರೆದದ್ದು ಒಬ್ಬರನ್ನೇ.

ಇನ್ನು ಆ ಅಣುವಿನ ಮಾತು. ಮೊದಲು ಒಂದು ಪಾರಿಭಾಷಿಕ ಎಚ್ಚರಿಕೆ: ಕನ್ನಡದಲ್ಲಿ ‘ಪರಮಾಣು’ ಎಂದರೆ ಮೂಲವಸ್ತುವಿನ ಅತಿ ಸಣ್ಣ ಕಣ; ಅಂಥ ಪರಮಾಣುಗಳು ಕೂಡಿ ಆಗುವುದು ‘ಅಣು’. ಮರಾಠಿಯಲ್ಲಿ ಮೊದಲನೆಯದಕ್ಕೆ ‘ಅಣೂ’, ಎರಡನೆಯದಕ್ಕೆ ‘ರೇಣೂ’. ಮರಾಠಿ ಮಾಧ್ಯಮದಲ್ಲಿ ವಿಜ್ಞಾನ ಓದಿ ಕನ್ನಡ ಐಚ್ಛಿಕಕ್ಕೆ ಬಂದವರು ಒಂದೇ ಶಬ್ದಕ್ಕೆ ಗಡಿಯ ಎರಡು ಕಡೆ ಎರಡು ಅರ್ಥವಿರುವುದನ್ನು ಮರೆತರೆ ಮುಂದಿನ ವಾಕ್ಯಗಳು ತಲೆಕೆಳಗಾಗುತ್ತವೆ. ಕನ್ನಡದ ‘ಅಣುಬಾಂಬು’ ಕೂಡ ಲೆಕ್ಕಕ್ಕೆ ‘ಪರಮಾಣು ಬಾಂಬು’ ಆಗಬೇಕಿತ್ತು. ಬಳಕೆ ಶಾಸ್ತ್ರವನ್ನು ಕೇಳುವುದಿಲ್ಲ.

ಡಿಎನ್‌ಎ ಒಂದು ಉದ್ದನೆಯ ಎಳೆ. ಆ ಎಳೆಯಲ್ಲಿ ಸಕ್ಕರೆಯ ತುಣುಕು, ರಂಜಕವುಳ್ಳ ಫಾಸ್ಫೇಟ್ ತುಣುಕು, ಮತ್ತೆ ಸಕ್ಕರೆ, ಮತ್ತೆ ಫಾಸ್ಫೇಟ್ ಹೀಗೆ ಸಾಲಾಗಿ ಕೊಂಡಿ ಹಾಕಿಕೊಂಡಿರುತ್ತವೆ. ಪ್ರತಿಯೊಂದು ಸಕ್ಕರೆಗೂ ಪಕ್ಕದಲ್ಲಿ ಒಂದೊಂದು ಪ್ರತ್ಯಾಮ್ಲ ತಗುಲಿಕೊಂಡಿರುತ್ತದೆ. ಪ್ರತ್ಯಾಮ್ಲಗಳು ನಾಲ್ಕೇ ಬಗೆ: ಅಡೆನಿನ್, ಥೈಮಿನ್, ಗ್ವಾನಿನ್, ಸೈಟೊಸಿನ್. ಸಕ್ಕರೆ ಮತ್ತು ಫಾಸ್ಫೇಟ್ ಎಲ್ಲೆಡೆಯೂ ಒಂದೇ. ಬದಲಾಗುವುದು ಈ ನಾಲ್ಕರ ಅನುಕ್ರಮ ಮಾತ್ರ. ಎಂದರೆ ಮೊದಲೆರಡು ತಾಳೆಗರಿ, ನಾಲ್ಕನೆಯ ತನಕದ ಪ್ರತ್ಯಾಮ್ಲಗಳು ಅದರ ಮೇಲಿನ ಅಕ್ಷರ. ಇಷ್ಟು 1952ರ ಹೊತ್ತಿಗೆ ತಿಳಿದಿತ್ತು. ಎಷ್ಟು ಎಳೆಗಳು ಹೆಣೆದುಕೊಂಡಿವೆ, ಯಾವುದು ಒಳಗೆ ಯಾವುದು ಹೊರಗೆ ಎಂಬುದು ತಿಳಿದಿರಲಿಲ್ಲ. ಕನ್ನಡದ ‘ಹುರಿ’, ಮರಾಠಿಯ ‘ಪೀಳ’ ಎರಡೂ ಇಲ್ಲಿ ಕೆಲಸಕ್ಕೆ ಬರುವ ಶಬ್ದಗಳು. ಮಗ್ಗದ ಸೀಮೆಯಲ್ಲಿ ಬೆಳೆದವರಿಗೆ ಒಂಟಿ ಎಳೆಗೂ ಹುರಿಗೊಳಿಸಿದ ನೂಲಿಗೂ ಇರುವ ಅಂತರವನ್ನು ಬಿಡಿಸಿ ಹೇಳಬೇಕಾಗಿಲ್ಲ.

1952ರ ಡಿಸೆಂಬರಿನಲ್ಲಿ ಪೌಲಿಂಗರು ಕೆಲವೇ ವಾರಗಳ ಕೆಲಸದಲ್ಲಿ ಉತ್ತರ ಕಂಡುಕೊಂಡೆನೆಂದು ಭಾವಿಸಿದರು. ಅವರ ಕೈಯಲ್ಲಿದ್ದದ್ದು ಬಹುಮಟ್ಟಿಗೆ ಹಳೆಯ, ಮಸುಕಾದ ಚಿತ್ರಗಳು. ಕಿಂಗ್ಸ್ ಕಾಲೇಜಿನ ಚಿತ್ರಗಳನ್ನು 1951ರಲ್ಲೇ ಕೇಳಿದ್ದರೂ ಅಲ್ಲಿಯವರು ಕೊಟ್ಟಿರಲಿಲ್ಲ. ಎಳೆಯ ಸಾಂದ್ರತೆಯಿಂದ ಎಣಿಕೆ ಹಾಕುವಾಗ ಡಿಎನ್‌ಎಗೆ ಅಂಟಿಕೊಂಡಿರುವ ನೀರಿನ ಭಾಗವನ್ನು ಸರಿಯಾಗಿ ಲೆಕ್ಕಕ್ಕೆ ಹಿಡಿಯಲಿಲ್ಲ. ನೀರಿನ ತೂಕವನ್ನೂ ಎಳೆಯದೆಂದೇ ಎಣಿಸಿದರೆ ಎಳೆಗಳ ಸಂಖ್ಯೆ ಹೆಚ್ಚಾಗುವುದು ಸಹಜ. ಉತ್ತರ ಮೂರು ಎಂದು ಬಂತು. ಮೂರು ಎಳೆಗಳ ಹುರಿ, ಫಾಸ್ಫೇಟುಗಳು ನಡುವೆ, ಪ್ರತ್ಯಾಮ್ಲಗಳು ಹೊರಗೆ ಚಾಚಿಕೊಂಡಂತೆ. ರಾಬರ್ಟ್ ಕೋರೆ ಅವರೊಡನೆ ಬರೆದ ಪ್ರಬಂಧ ಡಿಸೆಂಬರ್ 31ರಂದು ಹೋಗಿ, 1953ರ ಫೆಬ್ರುವರಿಯಲ್ಲಿ ಅಚ್ಚಾಯಿತು.

ತಪ್ಪು ಎಂಥದೆಂಬುದನ್ನು ನೋಡಬೇಕು. ಜೀವಕೋಶದ ನೀರಿನಲ್ಲಿ ಫಾಸ್ಫೇಟ್ ತುಣುಕು ತನ್ನ ಜಲಜನಕವನ್ನು ಬಿಟ್ಟುಕೊಡುತ್ತದೆ. ಹಾಗೆ ಬಿಟ್ಟುಕೊಡುವುದರಿಂದಲೇ ಡಿಎನ್‌ಎಗೆ ‘ಆಮ್ಲ’ ಎಂಬ ಹೆಸರು. ಬಿಟ್ಟುಕೊಟ್ಟ ಮೇಲೆ ಪ್ರತಿ ಫಾಸ್ಫೇಟಿನ ಮೇಲೂ ಋಣ ವಿದ್ಯುದಂಶ ಉಳಿಯುತ್ತದೆ. ಋಣ ಋಣವನ್ನು ದೂರ ತಳ್ಳುವುದರಿಂದ ಅವನ್ನು ನಡುವೆ ಒತ್ತಿಟ್ಟರೆ ಹುರಿ ಬಿಚ್ಚಿಹೋಗಬೇಕು. ಪೌಲಿಂಗರ ಮಾದರಿಯಲ್ಲಿ ಪ್ರತಿ ಫಾಸ್ಫೇಟಿಗೂ ಜಲಜನಕ ಹಾಗೆಯೇ ಅಂಟಿಕೊಂಡಿತ್ತು, ಆ ಜಲಜನಕಗಳೇ ಎಳೆಗಳನ್ನು ಕಟ್ಟಿಹಾಕಿದ್ದವು. ಎಂದರೆ ಅವರು ಕಟ್ಟಿದ ಆಮ್ಲ ಆಮ್ಲವೇ ಆಗಿರಲಿಲ್ಲ. ಕಾಲೇಜು ಮಕ್ಕಳು ಓದುವ ರಸಾಯನಶಾಸ್ತ್ರದ ಪ್ರಸಿದ್ಧ ಪಠ್ಯವನ್ನು ಬರೆದವರೇ ಈ ಎಡವಟ್ಟು ಮಾಡಿದ್ದರು. ವ್ಯಾಕರಣದ ಪಂಡಿತರು ವಿಭಕ್ತಿಯಲ್ಲಿ ಎಡವಿದಂತೆ.

ಪೌಲಿಂಗರ ಮಗ ಪೀಟರ್ ಆಗ ಕೇಂಬ್ರಿಜ್‌ನಲ್ಲಿ ವಿದ್ಯಾರ್ಥಿ. ತಂದೆ ಕಳಿಸಿದ ಪ್ರಬಂಧದ ಪ್ರತಿ ಅವನ ಮೂಲಕ ಜೇಮ್ಸ್ ವಾಟ್ಸನ್, ಫ್ರಾನ್ಸಿಸ್ ಕ್ರಿಕ್ ಅವರ ಕೈಸೇರಿತು. 1951ರಲ್ಲಿ ಅವರೂ ಫಾಸ್ಫೇಟನ್ನು ಒಳಗಿಟ್ಟು ಮೂರೆಳೆಯ ಮಾದರಿ ಕಟ್ಟಿದ್ದರು. ಫ್ರಾಂಕ್ಲಿನ್ ಬಂದು ನೋಡಿ ನೀರಿನ ಲೆಕ್ಕ ತಪ್ಪಿದೆಯೆಂದು ತೋರಿಸಿಕೊಟ್ಟಿದ್ದರು. ಆದ್ದರಿಂದ ಗುರುವಿನ ತಪ್ಪು ಅವರಿಗೆ ಒಂದೇ ನೋಟಕ್ಕೆ ಕಂಡಿತು, ಜೊತೆಗೆ ಅವಸರವೂ ಹುಟ್ಟಿತು. ಜನವರಿಯ ಕೊನೆಗೆ ವಾಟ್ಸನ್ ಲಂಡನ್ನಿಗೆ ಹೋದಾಗ ಮಾರಿಸ್ ವಿಲ್ಕಿನ್ಸ್ ಅವರು ಫ್ರಾಂಕ್ಲಿನ್ನರ ಆ ಸ್ಪಷ್ಟ ಚಿತ್ರವನ್ನು ಆಕೆಗೆ ತಿಳಿಸದೆ ತೋರಿಸಿದರು. ಮುಂದಿನ ಕೆಲವು ವಾರಗಳಲ್ಲಿ ಹಲವು ಸುಳಿವುಗಳು ಕೂಡಿಕೊಂಡವು. ಎರ್ವಿನ್ ಚಾರ್ಗಾಫ್ ಎಂಬ ರಸಾಯನಶಾಸ್ತ್ರಜ್ಞರು ಅಡೆನಿನ್ನಿನಷ್ಟೇ ಥೈಮಿನ್, ಗ್ವಾನಿನ್ನಿನಷ್ಟೇ ಸೈಟೊಸಿನ್ ಇರುತ್ತವೆಂದು ಆಗಲೇ ತೋರಿಸಿದ್ದರು. ಪ್ರತ್ಯಾಮ್ಲಗಳ ನಿಜವಾದ ಆಕಾರ ಪಠ್ಯಪುಸ್ತಕದಲ್ಲಿದ್ದಂತಲ್ಲವೆಂದು ತಿದ್ದಿದವರು ಪೌಲಿಂಗರ ಬಳಿ ಕಲಿತು ಬಂದಿದ್ದ ಜೆರಿ ಡಾನಹ್ಯೂ. ಫೆಬ್ರುವರಿ 28ರಂದು ಜೋಡಿಗಳು ಕೂಡಿಕೊಂಡವು. ಅಂದು ಪೌಲಿಂಗರ 52ನೆಯ ಹುಟ್ಟುಹಬ್ಬ. 1953ರ ಏಪ್ರಿಲ್ 25ರ ‘ನೇಚರ್’ ಪತ್ರಿಕೆಯಲ್ಲಿ ವಾಟ್ಸನ್ ಮತ್ತು ಕ್ರಿಕ್ ಅವರ ಪ್ರಬಂಧ, ಅದರ ಬೆನ್ನಿಗೆ ವಿಲ್ಕಿನ್ಸರ ತಂಡದ್ದು, ಫ್ರಾಂಕ್ಲಿನ್ ಮತ್ತು ಗಾಸ್ಲಿಂಗರದ್ದು ಹೀಗೆ ಮೂರು ಪ್ರಬಂಧಗಳು ಒಟ್ಟಿಗೆ ಬಂದವು. ಏಪ್ರಿಲ್ ತಿಂಗಳಲ್ಲೇ ಪೌಲಿಂಗರು ಕೇಂಬ್ರಿಜ್‌ಗೆ ಬಂದು ಮಾದರಿ ನೋಡಿ, ವಾದ ಹೂಡದೆ ಒಪ್ಪಿಕೊಂಡರು. ಅಷ್ಟೇ ಅಲ್ಲ, ಗ್ವಾನಿನ್ ಮತ್ತು ಸೈಟೊಸಿನ್ ನಡುವೆ ಎರಡಲ್ಲ, ಮೂರು ಜಲಜನಕ ಬಂಧಗಳಿವೆ ಎಂಬ ತಿದ್ದುಪಡಿಯನ್ನು 1956ರಲ್ಲಿ ಸೇರಿಸಿದವರೂ ಅವರೂ ಕೋರೆಯವರೂ.

ಹಾಗೆ ಕಂಡ ರಚನೆ ಇಂತಿದೆ: ಎರಡೇ ಎಳೆಗಳು, ಒಂದು ಮೇಲ್ಮುಖವಾದರೆ ಇನ್ನೊಂದು ಕೆಳಮುಖ. ಸಕ್ಕರೆ-ಫಾಸ್ಫೇಟುಗಳು ಹೊರಗೆ, ನೀರಿನ ಕಡೆಗೆ. ಪ್ರತ್ಯಾಮ್ಲಗಳು ಒಳಗೆ, ಏಣಿಯ ಮೆಟ್ಟಿಲುಗಳಂತೆ. ಹುರಿಯ ದಪ್ಪ ಸುಮಾರು 2 ನ್ಯಾನೊಮೀಟರ್. ಸುಮಾರು 10 ಮೆಟ್ಟಿಲಿಗೆ ಒಂದು ಸುತ್ತು, ಆ ಸುತ್ತಿನ ಎತ್ತರ 3.4 ನ್ಯಾನೊಮೀಟರ್. ಅಡೆನಿನ್ನಿಗೆ ಥೈಮಿನ್ನೇ ಜೊತೆ, ಗ್ವಾನಿನ್ನಿಗೆ ಸೈಟೊಸಿನ್ನೇ ಜೊತೆ. ಆದ್ದರಿಂದ ಒಂದು ಎಳೆಯನ್ನು ಓದಿದರೆ ಇನ್ನೊಂದರಲ್ಲಿ ಏನಿರಬೇಕೆಂದು ತಾನಾಗಿ ತಿಳಿಯುತ್ತದೆ. ಜೀವಕೋಶ ಇಬ್ಭಾಗವಾಗುವಾಗ ಎಳೆಗಳು ಬೇರೆಯಾಗಿ, ಪ್ರತಿ ಎಳೆಯೂ ತನ್ನ ಜೊತೆಗಾತಿಯನ್ನು ಹೊಸದಾಗಿ ಕಟ್ಟಿಸಿಕೊಳ್ಳುತ್ತದೆ. ಮೂರೆಳೆಯ ಮಾದರಿಯಲ್ಲಿ ಇದಕ್ಕೆ ದಾರಿಯೇ ಇರಲಿಲ್ಲ. ಸರಿಯಾದ ರಚನೆಯ ಹಿರಿಮೆ ಅದರ ಚೆಲುವಿನಲ್ಲಿಲ್ಲ, ಅದು ಪ್ರತಿ ತೆಗೆಯುವ ಕೆಲಸವನ್ನು ವಿವರಿಸುವುದರಲ್ಲಿದೆ.

ಪ್ರತಿ ತೆಗೆಯುವುದೆಂದ ಕೂಡಲೇ ಗ್ರಂಥಸಂಪಾದನೆಯ ಪತ್ರಿಕೆ ಓದುವ ವಿದ್ಯಾರ್ಥಿಗೆ ಮುಂದಿನ ಮಾತು ಹೊಳೆಯಬೇಕು. ತಾಳೆಗರಿಯಿಂದ ತಾಳೆಗರಿಗೆ ಕಾವ್ಯವನ್ನಿಳಿಸಿದ ಲಿಪಿಕಾರನ ಕೈತಪ್ಪು ಅವನ ಪ್ರತಿಯಲ್ಲೇ ನಿಲ್ಲಲಿಲ್ಲ. ಆ ಪ್ರತಿಯನ್ನು ನೋಡಿ ಬರೆದವರೆಲ್ಲರ ಪ್ರತಿಗಳಿಗೂ ಇಳಿಯಿತು. ತಪ್ಪುಗಳ ಜಾಡು ಹಿಡಿದೇ ಸಂಪಾದಕರು ಹಸ್ತಪ್ರತಿಗಳ ವಂಶವೃಕ್ಷ ಬರೆಯುತ್ತಾರೆ. ಡಿಎನ್‌ಎಯಲ್ಲಿಯೂ ಹೀಗೆಯೇ. ಅಲ್ಲಿನ ತಪ್ಪುಗಳನ್ನು ವರ್ಗೀಕರಿಸಲು ಪ್ರೌಢಶಾಲೆಯ ಸಂಧಿಪ್ರಕರಣದ ಮೂರು ಶಬ್ದಗಳೇ ಸಾಕು: ಅಕ್ಷರವೊಂದು ಬಿಟ್ಟುಹೋದರೆ ಲೋಪ, ಇಲ್ಲದ್ದು ಬಂದು ಸೇರಿದರೆ ಆಗಮ, ಒಂದರ ಜಾಗಕ್ಕೆ ಇನ್ನೊಂದು ಬಂದರೆ ಆದೇಶ. ಜೀವಕೋಶದ ಲಿಪಿಕಾರ ಬಹಳ ಜಾಣ. ಕರಡು ತಿದ್ದುವ ವ್ಯವಸ್ಥೆಯೂ ಅವನಲ್ಲಿದೆ. ತಿದ್ದುಪಡಿಯೆಲ್ಲ ಮುಗಿದ ಮೇಲೆ ಉಳಿಯುವ ತಪ್ಪು ಸುಮಾರು 100 ಕೋಟಿ ಅಕ್ಷರಕ್ಕೆ ಒಂದರಷ್ಟು ಮಾತ್ರ. ದೇಹದ ಬೇರೆ ಕೋಶದಲ್ಲಿ ತಪ್ಪಾದರೆ ಅದರ ಫಲ ಆ ವ್ಯಕ್ತಿಗೆ, ಕೆಲವೊಮ್ಮೆ ಕ್ಯಾನ್ಸರ್ ರೂಪದಲ್ಲಿ. ಬೀಜಕೋಶದಲ್ಲಾದರೆ ಅದು ಮಕ್ಕಳಿಗೂ ಮೊಮ್ಮಕ್ಕಳಿಗೂ ಇಳಿಯುವ ಪಾಠಾಂತರ. ಹಸ್ತಪ್ರತಿಯ ಅಪಪಾಠವನ್ನು ಸಂಪಾದಕರು ಅಡಿಟಿಪ್ಪಣಿಗೆ ಇಳಿಸಿ ಮೂಲವನ್ನು ಉಳಿಸಬಹುದು. ಹುಟ್ಟಿದ ಮಗುವಿಗೆ ಆ ಸೌಲಭ್ಯವಿಲ್ಲ.

ಕ್ಷ-ಕಿರಣ ತಾಗಿದರೆ ಇಂಥ ತಪ್ಪುಗಳು ಹೆಚ್ಚುತ್ತವೆಂದು ಹರ್ಮನ್ ಮುಲ್ಲರ್ ಹಣ್ಣಿನ ನೊಣಗಳ ಮೇಲೆ ಪ್ರಯೋಗ ನಡೆಸಿ 1927ರಲ್ಲೇ ತೋರಿಸಿದ್ದರು. ಏಕೆ ಹೆಚ್ಚುತ್ತವೆಂಬುದಕ್ಕೆ 1953ರ ರಚನೆ ಕಣ್ಣಿಗೆ ಕಟ್ಟುವಂಥ ಕಾರಣ ಕೊಟ್ಟಿತು: ವಿಕಿರಣದ ಒಂದು ಪೆಟ್ಟು ಎಳೆಯ ಒಂದು ಕೊಂಡಿಯನ್ನು ತುಂಡರಿಸಬಲ್ಲದು, ಒಂದು ಅಕ್ಷರವನ್ನು ಕೆಡಿಸಬಲ್ಲದು. ಪೌಲಿಂಗರ ಎರಡು ಕೆಲಸಗಳು ಒಂದಾಗುವುದು ಇಲ್ಲಿ.

1954ರ ಮಾರ್ಚ್ 1ರಂದು ಅಮೆರಿಕ ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಸಿಡಿಸಿದ ಜಲಜನಕ ಬಾಂಬು ನಿರೀಕ್ಷೆಯ ಎರಡೂವರೆ ಪಟ್ಟು, 15 ಮೆಗಾಟನ್ ಶಕ್ತಿಯಿಂದ ಸ್ಫೋಟಿಸಿತು. ದೂರದಲ್ಲಿ ಮೀನು ಹಿಡಿಯುತ್ತಿದ್ದ ಜಪಾನಿನ ‘ಭಾಗ್ಯಶಾಲಿ ಡ್ರ್ಯಾಗನ್’ ಹೆಸರಿನ ದೋಣಿಯ 23 ಜನರ ಮೇಲೆ ಬಿಳಿಯ ಬೂದಿ ಉದುರಿತು. ಎಲ್ಲರೂ ಕಾಯಿಲೆ ಬಿದ್ದರು. ದೋಣಿಯ ರೇಡಿಯೊ ಚಾಲಕ ಐಕಿಚಿ ಕುಬೊಯಾಮಾ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಬೂದಿ ಅಲ್ಲಿಗೇ ನಿಲ್ಲಲಿಲ್ಲ. ಮೇಲಿನ ಗಾಳಿಯಲ್ಲಿ ಸೇರಿ, ಭೂಮಿಯನ್ನೆಲ್ಲ ಸುತ್ತಿ, ಮಳೆಯೊಡನೆ ಇಳಿಯತೊಡಗಿತು. ಅದರಲ್ಲಿನ ಸ್ಟ್ರಾನ್ಷಿಯಂ-90 ಗುಣದಲ್ಲಿ ಸುಣ್ಣದ ಮೂಲವಸ್ತುವಾದ ಕ್ಯಾಲ್ಸಿಯಮ್ಮಿನ ದಾಯಾದಿ. ಹುಲ್ಲಿಗೆ ಇಳಿದು, ಹಸುವಿನ ಹಾಲಿಗೆ ಬಂದು, ಕ್ಯಾಲ್ಸಿಯಮ್ಮೆಂಬ ಸೋಗಿನಲ್ಲಿ ಮಗುವಿನ ಎಲುಬು ಸೇರುತ್ತದೆ. ಅರ್ಧ ಕರಗಲು 28-29 ವರ್ಷ ಬೇಕು. ಸೇಂಟ್ ಲೂಯಿಸ್ ಊರಿನ ತಾಯಂದಿರು ಮಕ್ಕಳ ಬಿದ್ದ ಹಾಲುಹಲ್ಲುಗಳನ್ನು ಲಕ್ಷಗಟ್ಟಲೆ ಕೂಡಿಸಿ ವಿಜ್ಞಾನಿಗಳಿಗೆ ಕೊಟ್ಟದ್ದು, ಅವುಗಳಲ್ಲಿ ಸ್ಟ್ರಾನ್ಷಿಯಂ ವರ್ಷದಿಂದ ವರ್ಷಕ್ಕೆ ಏರುತ್ತಿದ್ದುದು ಕಂಡುಬಂದದ್ದು ಈ ಕಾಲದ ಇತಿಹಾಸದಲ್ಲಿ ಮರೆಯಲಾಗದ ಪುಟ.

ಪೌಲಿಂಗರು ಇನ್ನೂ ಸೂಕ್ಷ್ಮವಾದ ಅಪಾಯವೊಂದನ್ನು ಎತ್ತಿ ಹೇಳಿದರು. ಬಾಂಬು ಸಿಡಿದಾಗ ಹೊರಬೀಳುವ ನ್ಯೂಟ್ರಾನುಗಳು ಗಾಳಿಯ ಸಾರಜನಕಕ್ಕೆ ಬಡಿದು ಇಂಗಾಲ-14 ಹುಟ್ಟುತ್ತದೆ. ಗಿಡ ಅದನ್ನು ಉಸಿರಾಡುತ್ತದೆ, ಮನುಷ್ಯ ಗಿಡವನ್ನು ತಿನ್ನುತ್ತಾನೆ. ಇಂಗಾಲ ಡಿಎನ್‌ಎಯ ಸಕ್ಕರೆಯಲ್ಲಿಯೂ ಪ್ರತ್ಯಾಮ್ಲದಲ್ಲಿಯೂ ಇರುವ ಪರಮಾಣು. ಎಳೆಯೊಳಗೆ ಕುಳಿತ ಇಂಗಾಲ-14 ಒಂದು ದಿನ ಸಾರಜನಕವಾಗಿ ಮಾರ್ಪಡುತ್ತದೆ. ಆಗ ಹೊರಗಿನ ಕಿರಣ ಬೇಕಾಗಿಲ್ಲ, ಅಕ್ಷರ ತನ್ನೊಳಗಿಂದಲೇ ಕೆಡುತ್ತದೆ. ಅದರ ಅರ್ಧಾಯುಷ್ಯ ಸುಮಾರು 5,700 ವರ್ಷ. ಇಂದು ಸಿಡಿಸಿದವರು ನೂರಾರು ತಲೆಮಾರಿನ ಲೆಕ್ಕ ಕೊಡಬೇಕೆಂಬುದು 1958ರಲ್ಲಿ ಪೌಲಿಂಗರು ಪ್ರಕಟಿಸಿದ ಪ್ರಬಂಧದ ಸಾರ. ಅದೇ ವರ್ಷ ಸೋವಿಯತ್ ಒಕ್ಕೂಟದಲ್ಲಿ ಇದೇ ಇಂಗಾಲದ ಇದೇ ಲೆಕ್ಕವನ್ನು ಮಾಡಿದವರು ಆಂದ್ರೆ ಸಖಾರೊವ್. ಸೋವಿಯತ್ ಜಲಜನಕ ಬಾಂಬನ್ನು ಕಟ್ಟಿದವರಲ್ಲಿ ಅವರೇ ಪ್ರಮುಖರು.

ಇದಕ್ಕೆ ಎದುರು ವಾದವಿತ್ತು, ಅದು ದಡ್ಡರ ವಾದವೂ ಆಗಿರಲಿಲ್ಲ. ಅಮೆರಿಕದ ಜಲಜನಕ ಬಾಂಬಿನ ಹಿಂದಿದ್ದ ಎಡ್ವರ್ಡ್ ಟೆಲ್ಲರ್ 1958ರ ಫೆಬ್ರುವರಿಯಲ್ಲಿ ದೂರದರ್ಶನದ ಚರ್ಚೆಯಲ್ಲಿ ಪೌಲಿಂಗರನ್ನು ಎದುರಿಸಿದರು. ಕಲ್ಲು ಮಣ್ಣುಗಳಿಂದ, ಆಕಾಶದಿಂದ ಮನುಷ್ಯನಿಗೆ ದಿನವೂ ತಾಗುವ ವಿಕಿರಣದ ಮುಂದೆ ಪರೀಕ್ಷೆಗಳಿಂದ ಬರುವುದು ತೀರ ಅಲ್ಪ ಎಂಬುದು ಟೆಲ್ಲರ್ ಮತ್ತು ಅವರ ಬಳಗದ ನಿಲುವು. ಅಲ್ಪವೆಂಬುದು ಸುಳ್ಳಲ್ಲ. ಪೌಲಿಂಗರ ಉತ್ತರ ಗುಣಾಕಾರದ್ದು. ಉದಾಹರಣೆಗೆ, ಒಬ್ಬ ಮನುಷ್ಯನಿಗೆ ಆಗುವ ಅಪಾಯ ಹತ್ತು ಲಕ್ಷದಲ್ಲಿ ಒಂದೇ ಪಾಲು ಎಂದಿಟ್ಟುಕೊಳ್ಳೋಣ. ಆಗಿನ ಜಗತ್ತಿನ ಜನಸಂಖ್ಯೆ ಸುಮಾರು 290 ಕೋಟಿ. ಗುಣಿಸಿದರೆ 2,900 ಜನ. ಅವರು ಯಾರೆಂದು ಎಂದಿಗೂ ತಿಳಿಯುವುದಿಲ್ಲ, ಯಾವ ಮರಣದ ಮೇಲೂ ಬಾಂಬಿನ ಹೆಸರು ಬರೆದಿರುವುದಿಲ್ಲ. ಅಷ್ಟಕ್ಕೇ ಅವರು ಇಲ್ಲವೆಂದಾಗುವುದಿಲ್ಲ. ಇಷ್ಟು ಕಡಿಮೆ ವಿಕಿರಣದ ಪರಿಣಾಮವನ್ನು ಆಗ ನೇರವಾಗಿ ಅಳೆಯಲು ಸಾಧ್ಯವಿರಲಿಲ್ಲವಾದ್ದರಿಂದ ಪೌಲಿಂಗರ ನಿರ್ದಿಷ್ಟ ಅಂಕಿಗಳ ಬಗ್ಗೆ ಪ್ರಾಮಾಣಿಕ ಭಿನ್ನಾಭಿಪ್ರಾಯಕ್ಕೆ ಎಡೆಯಿತ್ತು. ಆದರೆ ಅಪಾಯ ಹೊರುವವರನ್ನು ಕೇಳದೆ ಅಪಾಯವನ್ನು ಅಲ್ಪವೆಂದು ತೀರ್ಮಾನಿಸುವ ಹಕ್ಕು ಯಾರದು ಎಂಬ ಪ್ರಶ್ನೆ ಅಂಕಿಗಳನ್ನು ಅವಲಂಬಿಸಿರಲಿಲ್ಲ.

1955ರ ಜುಲೈ 9ರಂದು ಬರ್ಟ್ರಂಡ್ ರಸೆಲ್ ಬಿಡುಗಡೆ ಮಾಡಿದ ಘೋಷಣೆಗೆ ಐನ್‌ಸ್ಟೈನರು ಸಾಯುವ ಮುನ್ನ ಸಹಿ ಹಾಕಿದ್ದರು; ಸಹಿ ಮಾಡಿದ 11 ಜನರಲ್ಲಿ ಪೌಲಿಂಗರೂ ಮುಲ್ಲರರೂ ಇದ್ದರು. ಅದು ಘನವಂತರ ಹೇಳಿಕೆ. ಪೌಲಿಂಗರ ಮುಂದಿನ ಹೆಜ್ಜೆ ಬೇರೆ ಬಗೆಯದು. 1957ರ ಮೇ 15ರಂದು ಸೇಂಟ್ ಲೂಯಿಸ್‌ನಲ್ಲಿ ಭಾಷಣ ಮಾಡಿದ ಮೇಲೆ, ಬ್ಯಾರಿ ಕಾಮನರ್, ಎಡ್ವರ್ಡ್ ಕಾಂಡನ್ ಅವರೊಡನೆ ಕುಳಿತು ಪರೀಕ್ಷೆಗಳನ್ನು ನಿಲ್ಲಿಸಬೇಕೆಂಬ ಚಿಕ್ಕ ಮನವಿಯನ್ನು ಬರೆದರು. ಕೆಲವೇ ವಾರಗಳಲ್ಲಿ 2,000 ಅಮೆರಿಕನ್ ವಿಜ್ಞಾನಿಗಳು ಸಹಿ ಹಾಕಿದರು. ಬಳಿಕ ಪೌಲಿಂಗ್ ದಂಪತಿಗಳು ಮನೆಯಿಂದಲೇ, ಕೆಲವು ಗೆಳೆಯರ ನೆರವಿನಿಂದ, ಜಗತ್ತಿನೆಲ್ಲೆಡೆಗೆ ಪತ್ರ ಬರೆದರು. 1958ರ ಜನವರಿಯಲ್ಲಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಡಾಗ್ ಹ್ಯಾಮರ್‌ಶೀಲ್ಡ್ ಅವರ ಕೈಗೆ ಕೊಟ್ಟ ಮನವಿಯಲ್ಲಿ 9,000ಕ್ಕೂ ಮಿಕ್ಕ ಸಹಿಗಳಿದ್ದವು. ಕೊನೆಗೆ ಲೆಕ್ಕ 49 ದೇಶಗಳ 11,021ಕ್ಕೆ ಮುಟ್ಟಿತು.

ಇಷ್ಟೊಂದು ಸಹಿ ಯಾವ ಗುಪ್ತ ಸಂಘಟನೆಯೂ ಇಲ್ಲದೆ ಕೂಡಲು ಸಾಧ್ಯವೇ ಎಂದು ಸಂಶಯಪಟ್ಟ ಸೆನೆಟ್ಟಿನ ಆಂತರಿಕ ಭದ್ರತಾ ಉಪಸಮಿತಿ 1960ರ ಜೂನ್ 21ರಂದು ಅವರನ್ನು ಕರೆಸಿ ಪ್ರಶ್ನಿಸಿತು. ಸಹಿ ಮಾಡಿದವರ ಹೆಸರು ಎಲ್ಲರಿಗೂ ಬಹಿರಂಗವಾಗಿಯೇ ಇತ್ತು. ಸಮಿತಿ ಕೇಳಿದ್ದು ಬೇರೆ: ಸಹಿಗಳನ್ನು ಸಂಗ್ರಹಿಸಿ ಕಳಿಸಿದವರು ಯಾರು? ಅವರಲ್ಲಿ ಹಲವರು ಆಗತಾನೆ ವೃತ್ತಿಗೆ ಬಂದ ತರುಣರು. ಹೆಸರು ಹೊರಬಿದ್ದರೆ ನೌಕರಿಗೇ ಕುತ್ತು. ಪೌಲಿಂಗರು ಕೊಡುವುದಿಲ್ಲ ಎಂದರು. ಸಮಿತಿಯನ್ನು ಧಿಕ್ಕರಿಸಿದ ಅಪರಾಧಕ್ಕೆ ಸೆರೆಮನೆಯಾಗುವ ಸಾಧ್ಯತೆ ಇತ್ತು. ಅಕ್ಟೋಬರಿನಲ್ಲಿ ಮತ್ತೆ ಕರೆಸಿದಾಗಲೂ ಕೊಡಲಿಲ್ಲ, ಸಮಿತಿಯೇ ಬಿಟ್ಟುಕೊಟ್ಟಿತು. ಹನ್ನೊಂದು ಸಾವಿರ ಸಹಿಗಳಿಗಿಂತ ಹೇಳದೆ ಉಳಿದ ಆ ಕೆಲವು ಹೆಸರುಗಳು ಪೌಲಿಂಗರ ನಿಜವಾದ ಪರೀಕ್ಷೆ. ಇಷ್ಟರಲ್ಲಿ ಕ್ಯಾಲ್‌ಟೆಕ್‌ನಲ್ಲಿ ಇಪ್ಪತ್ತು ವರ್ಷ ವಹಿಸಿದ್ದ ರಸಾಯನ ವಿಭಾಗದ ಮುಖ್ಯಸ್ಥಿಕೆಯನ್ನು ಒತ್ತಡಕ್ಕೆ ಸಿಲುಕಿ 1958ರಲ್ಲಿ ಬಿಟ್ಟಿದ್ದರು. ಅವರು ಒಂದೇ ಕಡೆಯನ್ನು ಟೀಕಿಸುತ್ತಾರೆಂಬ ಆರೋಪವಿತ್ತು. 1961ರಲ್ಲಿ ಸೋವಿಯತ್ ಒಕ್ಕೂಟ ಪರೀಕ್ಷೆಗಳನ್ನು ಮತ್ತೆ ಆರಂಭಿಸಿದಾಗ ಕ್ರುಶ್ಚೇವ್ ಅವರಿಗೂ ಬರೆದು ಪ್ರತಿಭಟಿಸಿದರು. ಅದೇ ವರ್ಷ ಸಖಾರೊವ್ ಕೂಡ ಕ್ರುಶ್ಚೇವರಿಗೆ ಬೇಡವೆಂದು ಹೇಳಿ ಬೈಸಿಕೊಂಡಿದ್ದರು.

1962ರ ಏಪ್ರಿಲ್ ಕೊನೆಯಲ್ಲಿ ಪೌಲಿಂಗರು ಶ್ವೇತಭವನದ ಹೊರಗೆ ಫಲಕ ಹಿಡಿದು ಎರಡು ದಿನ ಪ್ರತಿಭಟನೆಯಲ್ಲಿ ನಡೆದು, 29ರ ಸಂಜೆ ಉಡುಪು ಬದಲಿಸಿಕೊಂಡು ಅದೇ ಭವನದೊಳಗೆ ಅಧ್ಯಕ್ಷ ಕೆನಡಿ ನೊಬೆಲ್ ಪುರಸ್ಕೃತರಿಗೆ ಕೊಟ್ಟ ಔತಣಕ್ಕೆ ಹೋದರು. 1963ರ ಆಗಸ್ಟ್ 5ರಂದು ಮಾಸ್ಕೋದಲ್ಲಿ ಗಾಳಿಯಲ್ಲಿ, ನೀರಿನಡಿಯಲ್ಲಿ, ಅಂತರಿಕ್ಷದಲ್ಲಿ ಪರೀಕ್ಷೆ ನಿಷೇಧಿಸುವ ಒಪ್ಪಂದಕ್ಕೆ ಸಹಿಯಾಯಿತು. ಅಕ್ಟೋಬರ್ 10ರಂದು ಅದು ಜಾರಿಗೆ ಬಂದ ದಿನವೇ 1962ರ ಶಾಂತಿ ಪುರಸ್ಕಾರ ಪೌಲಿಂಗರಿಗೆಂದು ಪ್ರಕಟವಾಯಿತು. 1954ರ ರಸಾಯನಶಾಸ್ತ್ರದ ಪುರಸ್ಕಾರದ ಜೊತೆಗೆ ಇದು ಅವರ ಎರಡನೆಯದು. ‘ಲೈಫ್’ ಪತ್ರಿಕೆ ಇದನ್ನು ನಾರ್ವೆ ಮಾಡಿದ ಅವಮಾನವೆಂದು ಸಂಪಾದಕೀಯ ಬರೆಯಿತು. ಆ ವರ್ಷವೇ ಅವರು ಕ್ಯಾಲ್‌ಟೆಕ್ ಬಿಟ್ಟರು. ಮುಂದಿನ ವಿಟಮಿನ್-ಸಿ ಪ್ರಕರಣ ಬೇರೆಯೇ ಲೇಖನದ ವಸ್ತು. ಒಮ್ಮೆ ತಮ್ಮನ್ನು ಮೇಲಕ್ಕೆತ್ತಿದ ಆತ್ಮವಿಶ್ವಾಸ ಇನ್ನೊಮ್ಮೆ ಅವರನ್ನು ದಾರಿ ತಪ್ಪಿಸಿತು ಎಂದರೆ ಇಲ್ಲಿಗೆ ಸಾಕು.

ಅದೇ 1962ರ ವೈದ್ಯವಿಜ್ಞಾನದ ಪುರಸ್ಕಾರ ಸಂದದ್ದು ವಾಟ್ಸನ್, ಕ್ರಿಕ್, ವಿಲ್ಕಿನ್ಸ್ ಮೂವರಿಗೆ. ಫ್ರಾಂಕ್ಲಿನ್ 1958ರಲ್ಲಿ, 37ನೆಯ ವಯಸ್ಸಿಗೆ ಕ್ಯಾನ್ಸರಿನಿಂದ ತೀರಿಹೋಗಿದ್ದರು. ವಿಲ್ಕಿನ್ಸರು ಯುದ್ಧಕಾಲದಲ್ಲಿ ಬರ್ಕ್ಲಿಯಲ್ಲಿ ಬಾಂಬಿಗೆ ಬೇಕಾದ ಯುರೇನಿಯಂ ಬೇರ್ಪಡಿಸುವ ಕೆಲಸ ಮಾಡಿದವರು. ಆಮೇಲೆ ಮನಸ್ಸು ಮುರಿದು ಜೀವವಿಜ್ಞಾನಕ್ಕೆ ಹೊರಳಿ, ಬ್ರಿಟನ್ನಿನ ಅಣ್ವಸ್ತ್ರ ವಿರೋಧಿ ಚಳುವಳಿಯಲ್ಲಿ ಉಳಿದವರು. ಫ್ರಾಂಕ್ಲಿನ್ ಕೊನೆಯ ವರ್ಷಗಳಲ್ಲಿ ಕೆಲಸ ಮಾಡಿದ್ದು ವಿಶ್ವಶಾಂತಿ ಪರಿಷತ್ತಿನ ನಾಯಕರಾಗಿದ್ದ ಜೆ. ಡಿ. ಬರ್ನಾಲ್ ಅವರ ಪ್ರಯೋಗಶಾಲೆಯಲ್ಲಿ. ಇದೇ ಬರ್ನಾಲರು ಮದರಾಸಿಗೆ ಬಂದಿದ್ದಾಗ ಜಿ. ಎನ್. ರಾಮಚಂದ್ರನ್ ಅವರಿಗೆ ಕೊಲಾಜನ್ನಿನ ರಚನೆಯನ್ನು ಬಿಡಿಸಲು ಸೂಚಿಸಿದರು. ಚರ್ಮ, ಸ್ನಾಯುಬಂಧಗಳಲ್ಲಿರುವ ಈ ಸಸಾರಜನಕ ಮೂರು ಎಳೆಗಳ ಹುರಿಯೆಂದು ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ 1954-55ರಲ್ಲಿ ತೋರಿಸಿದರು. ಡಿಎನ್‌ಎಯಲ್ಲಿ ತಪ್ಪಾದ ಮೂರು ಇಲ್ಲಿ ಸರಿಯಾಗಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಬಳಿ ಕಲಿತಿದ್ದ ರಾಮಚಂದ್ರನ್ ಮುಂದೆ ಅದೇ ಸಂಸ್ಥೆಗೆ ಮರಳಿ ಅಣುಜೀವಭೌತ ವಿಭಾಗವನ್ನು ಕಟ್ಟಿದರು.

ಭಾರತ ಈ ಚರ್ಚೆಯ ಹೊರಗಿರಲಿಲ್ಲ. ಬಿಕಿನಿಯ ಸ್ಫೋಟವಾದ ಒಂದು ತಿಂಗಳಿಗೆ, 1954ರ ಏಪ್ರಿಲ್ 2ರಂದು, ಪರೀಕ್ಷೆಗಳನ್ನು ಇದ್ದಲ್ಲಿಗೇ ನಿಲ್ಲಿಸಬೇಕೆಂದು ಜವಾಹರಲಾಲ್ ನೆಹರೂ ಸಂಸತ್ತಿನಲ್ಲಿ ಕರೆಕೊಟ್ಟರು. ಅವರ ಸೂಚನೆಯಂತೆ ಭೌತವಿಜ್ಞಾನಿ ಡಿ. ಎಸ್. ಕೊಠಾರಿ ಪರಮಾಣು ಸ್ಫೋಟಗಳ ಪರಿಣಾಮ ಕುರಿತು ಸಿದ್ಧಪಡಿಸಿದ ಪುಸ್ತಕ 1956ರಲ್ಲಿ ಹೊರಬಂತು. ಕೊಠಾರಿಯವರು ಆಗ ರಕ್ಷಣಾ ಇಲಾಖೆಯದೇ ವೈಜ್ಞಾನಿಕ ಸಲಹೆಗಾರರಾಗಿದ್ದರು ಎಂಬುದನ್ನು ಗಮನಿಸಬೇಕು.

ಮಾಸ್ಕೋ ಒಪ್ಪಂದ ಪರೀಕ್ಷೆಗಳನ್ನು ಪೂರ್ತಿ ನಿಲ್ಲಿಸಲಿಲ್ಲ, ನೆಲದಡಿಗೆ ಇಳಿಸಿತು. ಫ್ರಾನ್ಸ್, ಚೀನಾ ಸಹಿ ಹಾಕದೆ ಗಾಳಿಯಲ್ಲಿಯೇ ಮುಂದುವರಿಸಿದವು; ಅಂಥ ಕೊನೆಯ ಸ್ಫೋಟ 1980ರಲ್ಲಿ ಚೀನಾದ್ದು. ಆದರೂ ವಾತಾವರಣದ ಲೆಕ್ಕ ಸ್ಪಷ್ಟವಾಗಿದೆ. 1960ರ ದಶಕದ ನಡುವಿನ ಹೊತ್ತಿಗೆ ಉತ್ತರಾರ್ಧ ಗೋಳದ ಗಾಳಿಯಲ್ಲಿ ಇಂಗಾಲ-14 ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು. ಆಮೇಲೆ ಸಮುದ್ರವೂ ಕಾಡೂ ಹೀರಿಕೊಂಡಂತೆ ವರ್ಷವರ್ಷವೂ ಇಳಿಯಿತು. ಆ ಏರಿಳಿತದ ಗುರುತು ಆಗ ಬದುಕಿದ್ದ, ಆಮೇಲೆ ಹುಟ್ಟಿದ ಎಲ್ಲರ ಡಿಎನ್‌ಎಯಲ್ಲಿಯೂ ಉಳಿದಿದೆ. 2005ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಇದನ್ನೇ ಗಡಿಯಾರವಾಗಿ ಬಳಸಿಕೊಂಡರು. ಜೀವಕೋಶವೊಂದರ ಡಿಎನ್‌ಎಯಲ್ಲಿ ಇಂಗಾಲ-14 ಎಷ್ಟಿದೆಯೆಂದು ಅಳೆದು, ಗಾಳಿಯಲ್ಲಿ ಅದು ಅಷ್ಟಿದ್ದ ವರ್ಷವನ್ನು ಹುಡುಕಿದರೆ, ಆ ಕೋಶ ಹುಟ್ಟಿದ ವರ್ಷ ತಿಳಿಯುತ್ತದೆ. ಮಿದುಳಿನ ಕೆಲವು ಕೋಶಗಳು ಮನುಷ್ಯನಷ್ಟೇ ವಯಸ್ಸಿನವೆಂದೂ ಕರುಳಿನ ಕೋಶಗಳು ಅವನಿಗಿಂತ ಎಷ್ಟೋ ಕಿರಿಯವೆಂದೂ ಹಾಗೆ ಗೊತ್ತಾಯಿತು.